ಷರಾ

ಹಾರ್ಶಮ್ ಊರಿನ ಗೋಧಿ ಮಂಡಳಿಯ ಕಚೇರಿಯಲ್ಲಿ
ಸರ್ವರಿನೊಳಗೆ ಯಾರು ಬರಬಹುದು ಯಾರು ಬಾರದು ಎಂದು ಹೇಳುವ
ಒಂದು ಕಡತವಿದೆ. ನೂರ ನಲವತ್ತಮೂರು ಸಾಲು.
ಮೇಲಿನಿಂದ ಓದುತ್ತದೆ ಯಂತ್ರ, ಮೊದಲು ಹೊಂದಿದ ಸಾಲಿಗೇ ನಿಲ್ಲುತ್ತದೆ,
ಕೆಳಗೆ ಎಷ್ಟು ಬೀಗ ಜಡಿದಿದ್ದರೂ ಬಗ್ಗಿ ನೋಡದು.

ಹದಿನಾರು ವರ್ಷ ತಿದ್ದಿದವರು ತಿದ್ದಿ ಹೋದರು
ಹೊಲದ ಬದು ಸರಿಸಿದ ಹಾಗೆ, ರಾತ್ರೋರಾತ್ರಿ, ಗುರುತಿಲ್ಲದೆ.
ಇನ್ನು ಹಾಗಾಗದು ಎಂದು ನಾನು
ಕಡತಕ್ಕೊಂದು ಕಾವಲು ಹಾಕಿದೆ:
ಅಲ್ಪವಿರಾಮ ಅಲುಗಿದರೂ ಹೆಸರು, ಗಳಿಗೆ, ಒಂದು ಷರಾ.

ಯಾರು ಬರೆದದ್ದು ಎಂದು ಮೊದಲ ದಿನ ಕೇಳಿದರೆ
ಪ್ರತಿ ಸಾಲಿನ ಪಕ್ಕ ನನ್ನದೇ ಹೆಸರು.
ತಂದು ಒಳಗಿಟ್ಟವಳು ನಾನಲ್ಲವೇ.
ಊರ ಪಾಪವೆಲ್ಲ ಕಾವಲುಗಾರ್ತಿಯ ಲೆಕ್ಕಕ್ಕೆ.

ನಲವತ್ತೊಂದನೆಯ ಸಾಲು: ಒಂದು ವಿಳಾಸ, ಅದರ ಮುಂದೆ 'ನಂಬು'.
ಪಾಸ್‌ವರ್ಡ್ ಕೇಳಬೇಡ, ಬಿಡು ಒಳಗೆ.
ಮೇಲೆ ಮರ್ವ್ ಟ್ರೆಗೆನ್ಜಾನ ಟಿಪ್ಪಣಿ:
ತಾತ್ಕಾಲಿಕ, ಸೋಮವಾರ ತೆಗೆಯುವುದು.
ಯಾವ ಸೋಮವಾರ?
ಟ್ರೆಗೆನ್ಜಾ ನಿವೃತ್ತನಾಗಿಯೇ ಆರು ವರ್ಷ.
ಗುರುವಾರ ಸಂಜೆ ಆ ಸಾಲು ತೆಗೆದೆ.
ಷರಾ ಬರೆದೆ: ಅನಗತ್ಯ. ಒಳ್ಳೆಯ ನಿದ್ದೆ ಬಂತು.

ಬೆಳಗಿನ ಐದೂ ನಲವತ್ತಕ್ಕೆ ಫೋನು.
ರೂಪನ್ಯಪ್ ಹತ್ತಿರದ ಕಣಜದಿಂದ ಡಲ್ಸಿ ಪೆಚ್:
ಲಾರಿ ತೂಗುವ ಕಟ್ಟೆ ಮೂಕಾಗಿದೆ, ಹತ್ತೊಂಬತ್ತು ಲಾರಿ ನಿಂತಿವೆ,
ಉತ್ತರದಲ್ಲಿ ಗುಡುಗುತ್ತಿದೆ,
"ಗೋಧಿ ನೆಂದರೆ ನಿನ್ನ ಕಡತ ತಿನ್ನೋಣವೇನೇ?"

ಹಿಂದಿನಂತೆ ಮಾಡಲು ಮೂರು ಪದ ಸಾಕು.
ನಾಲ್ಕು ಸಲ ತಪ್ಪಾಗಿ ಒತ್ತಿದೆ.

ಆಮೇಲೆ ಟ್ರೆಗೆನ್ಜಾಗೆ ಫೋನು ಮಾಡಿದೆ. ಹಿಂದೆ ಕೋಳಿಗಳ ಸದ್ದು.
"ಆ ತಕ್ಕಡಿಯ ಡಬ್ಬಕ್ಕೆ ಗುಟ್ಟು ಹೇಳಲು ಬಾಯಿಲ್ಲಮ್ಮ,
ಹೊಸದು ಸೋಮವಾರ ಬರುತ್ತದೆ ಅಂದಿದ್ದರು."
ಸ್ವಲ್ಪ ತಡೆದು: "ಬಂತಾ?"

ಈಗ ಸಾಲು ಮೊದಲಿದ್ದಲ್ಲೇ ಇದೆ.
ಕಳೆದದ್ದೂ ಕೂಡಿಸಿದ್ದೂ ಕೆಂಪು ಹಸಿರಿನಲ್ಲಿ ಎದುರುಬದುರು,
ನಡುವೆ ಹನ್ನೊಂದು ಚಿಲ್ಲರೆ ಗಂಟೆ, ಎರಡೂ ಕಡೆ ನಾನೇ.
'ಅನಗತ್ಯ'ವನ್ನು ಅಳಿಸಿಬಿಡಬಹುದಿತ್ತು. ಅಳಿಸಲಿಲ್ಲ.
ಹೊಸ ಷರಾದಲ್ಲಿ ಬರೆದೆ: ತೂಕದ ಕಟ್ಟೆ, ಬಾಯಿಲ್ಲದ ಡಬ್ಬ,
ಕೇಳಬೇಕಾದ್ದು ಡಲ್ಸಿಯನ್ನು, ಕೇಳದೆ ತೆಗೆದವಳು ನಾನು.
ತಾತ್ಕಾಲಿಕ ಎಂದು ಒತ್ತಿದ ಬೆರಳು
ಸೋಮವಾರದ ಹತ್ತಿರ ಬಂದು
ನಿಂತಿತು.