ಸುಡೋ ಅನ್ನುವ ಮುನ್ನ

ಗೋಣಿಕೊಪ್ಪದ ಕಾಫಿ ಕ್ಯೂರಿಂಗ್ ವರ್ಕ್ಸಿನ ತೂಕದ ಕೋಣೆಯಲ್ಲಿ,
ನನ್ನ ನಂತರ ಕೂರುವವನಿಗೆ

ಬಾ ಉತ್ತಯ್ಯ, ಕೂರು. ಕುರ್ಚಿಯ ಎಡಗಾಲು ಮೋಸ,
ಬಲಕ್ಕೆ ವಾಲು.
ಎದುರಿಗಿರುವುದು ಕರಿ ಪರದೆ, ಅದರಲ್ಲೊಂದು ಹಸಿರು ಗೆರೆ
ಮಿಟುಕುತ್ತದೆ, ಸಂತೆ ದಿನದ ಕಂಡಕ್ಟರಿನ ಹಾಗೆ:
ಎಲ್ಲಿಗೆ ಅಂದರೆ ಟಿಕೆಟ್,
ಅನ್ನದಿದ್ದರೆ ಸುಮ್ಮನೆ ನಿಂತಿರುತ್ತದೆ.

ಮೌಸ್ ಎಲ್ಲಿ ಅಂತ ಕೇಳಬೇಡ.
ಗೋದಾಮಿನಲ್ಲಿದೆ, ಗೋಣಿಚೀಲ ಕಡಿಯುತ್ತಾ.

ಮೊದಲು ಎಲ್‌ಎಸ್. ಯಾರ್ಯಾರು ಇದ್ದಾರೆ ನೋಡಿಕೋ,
ಮದುವೆ ಮನೆಗೆ ಹೋದವನು ನೋಡಿಕೊಳ್ಳುವಂತೆ.
ಚುಕ್ಕಿಯಿಂದ ಶುರುವಾಗುವ ಫೈಲುಗಳು ಕಾಣುವುದಿಲ್ಲ,
ಅವು ಹಿತ್ತಿಲಲ್ಲಿ ಇಸ್ಪೀಟು ಹಿಡಿದು ಕೂತ ಮಾವಂದಿರು;
ಅಡ್ಡಗೆರೆ, ಎ ಎಂದು ಹೆಸರು ಹಿಡಿದು ಕೂಗಿದರೆ ಮಾತ್ರ
ಪಂಚೆ ಕೊಡವಿಕೊಂಡು ಬರುತ್ತಾರೆ.

ವಿಐ ಜಿಗಣೆ. ಹತ್ತಿದ್ದು ತಿಳಿಯುವುದೇ ಇಲ್ಲ.
ಎಳೆಯಬೇಡ, ಕರೆಂಟ್ ತೆಗೆಯಬೇಡ.
ಹೋದ ವರ್ಷದ ಟ್ರೈನಿ ಪೆಮ್ಮಯ್ಯ ಅದರೊಳಗಿಂದ ಬರಲು ತಿಳಿಯದೆ
ಊಟ ಬಿಟ್ಟ, ಆಮೇಲೆ ಕೆಲಸವನ್ನೇ ಬಿಟ್ಟ.
ಸುಣ್ಣ ಮುಟ್ಟಿಸಿದ ಹಾಗೆ ಎಸ್ಕೇಪ್ ಮುಟ್ಟು,
ಕೋಲನ್, ಕ್ಯೂ, ಒಂದು ಆಶ್ಚರ್ಯಸೂಚಕ. ಉದುರುತ್ತದೆ.
ಆಶ್ಚರ್ಯ ಯಾಕೆ? ಹೊರಗೆ ಬಂದೆಯಲ್ಲ, ಅದಕ್ಕೇ.

ಕ್ಯಾಟ್ ಬೆಕ್ಕಲ್ಲ.

ಮ್ಯಾನ್ ಗಂಡಸಲ್ಲ. ಆದರೂ ಒಂದು ಮಾತು ಕೇಳಿದರೆ
ನಲವತ್ತು ಪುಟ ಹೇಳುತ್ತದೆ, ಕೇಳಿದ್ದೊಂದು ಬಿಟ್ಟು.

ಗ್ರೆಪ್ ಜರಡಿ. ಆಚೆ ಮನೆಯ ಯಂತ್ರದಲ್ಲಿ
ದಪ್ಪಬೀಜ, ಸಣ್ಣಬೀಜ, ಒಂಟಿಬೀಜ ಬೇರೆಯಾಗುವಂತೆ
ಮೂವತ್ತು ಸಾವಿರ ಸಾಲಿನಿಂದ ಪಾಲಿಬೆಟ್ಟದ ಒಂದೇ ಚೀಲ
ಕೈಗೆ ಬರುತ್ತದೆ.
ಪೈಪಿಗೆ ಪೈಪು ಸೇರಿಸುವುದು ನಿನಗೆ ಗೊತ್ತಿರುವ ವಿದ್ಯೆ:
ಹೂಮಳೆ ಕೈಕೊಟ್ಟ ಮಾರ್ಚಿನಲ್ಲಿ ಕೆರೆಯಿಂದ ಸ್ಪ್ರಿಂಕ್ಲರಿಗೆ.
ಜಾಯಿಂಟ್ ಸಡಿಲವಾದರೆ ನೆನೆಯುವುದು ಗಿಡವಲ್ಲ, ನೀನು.

ಪ್ರೋಗ್ರಾಮು ಅಲುಗದೆ ನಿಂತಿತೋ, ಆನೆ ಅಂದುಕೋ.
ಮೊದಲು ತಮಟೆ, ಆಮೇಲೆ ಪಟಾಕಿ.
ಮೊದಲು ಬರಿ ಕಿಲ್.
ಕಿಲ್ ಒಂಬತ್ತು ಎಲ್ಲಕ್ಕಿಂತ ಕೊನೆಗೆ, ಯಾರಿಗೂ ಹೇಳದೆ.

ಈಗ ಸುಡೋ.
ಕನ್ನಡದಲ್ಲೇ ಬರೆದ ಹಾಗಿದೆ, ಅಲ್ಲವ?
ಅರ್ಥವೂ ಅದೇ.
ನಿಮ್ಮ ಮನೆಯಲ್ಲೂ ಕೋವಿಯಿದೆ, ಕೈಲ್ ಮುಹೂರ್ತಕ್ಕೆ
ಅದರ ಬಾಯಿಗೆ ತೋಕ್ ಪೂ ಸಿಕ್ಕಿಸಿ ಕೈಮುಗಿಯುತ್ತೀರಿ.
ಹಾಗಂತ ಅಂಗಳದ ಕೋಳಿ ಓಡಿಸಲು ತೆಗೆಯುತ್ತೀರಾ?

ನಾನು ತೆಗೆದಿದ್ದೆ.
ಜನವರಿ, ರಾತ್ರಿ ಹತ್ತೂವರೆ, ಗೇಟಿನಲ್ಲಿ ಹನ್ನೊಂದು ಲಾರಿ.
ಹಳೇ ಕಸ ಗುಡಿಸೋಣ ಅಂತ: ಸುಡೋ, ಆರ್‌ಎಂ,
ಒಂದು ನಕ್ಷತ್ರ, ಅದಕ್ಕೊಂದು ಬಾಲ.
ನಕ್ಷತ್ರಕ್ಕೂ ಬಾಲಕ್ಕೂ ನಡುವೆ ಒಂದು ಸ್ಪೇಸ್.
ಹೆಬ್ಬೆರಳಿನ ಪಾಪ.
ಯಂತ್ರ ಖಂಡಿತವಾ ಅನ್ನಲಿಲ್ಲ, ದೇಚಮ್ಮ ಯೋಚಿಸು ಅನ್ನಲಿಲ್ಲ.
ಗೆರೆ ಮೊದಲಿನಂತೆಯೇ ಮಿಟುಕಿತು.
ಅಷ್ಟರಲ್ಲಿ ಇಡೀ ಸೀಸನ್ ಹೋಗಿತ್ತು.

ಉಳಿಸಿದ್ದು ತೂಕದ ಮೊಯ್ದು ಕಾಕ.
ಕಂಪ್ಯೂಟರನ್ನು ನಂಬದೆ ಹದಿನಾರು ವರ್ಷ
ದಿನದಿನದ ತೂಕವನ್ನು ಕ್ಯಾಲೆಂಡರಿನ ಬೆನ್ನಿಗೆ
ಪೆನ್ಸಿಲಿನಲ್ಲಿ ಬರೆದಿದ್ದರು, ಮಲಯಾಳದಲ್ಲಿ.
ಒಂಬತ್ತು ರಾತ್ರಿ ಅವರು ಓದಿದರು, ನಾನು ಒತ್ತಿದೆ.
ಬೈಯಲಿಲ್ಲ. ಏಳನ್ನು ಒಂದು ಮಾಡಿದಾಗ ಮಾತ್ರ
ಮೆಲ್ಲಗೆ ಕೆಮ್ಮುತ್ತಿದ್ದರು.
ಬ್ಯಾಕಪ್ ಎಂದರೇನು ಎಂದು ಯಾರಾದರೂ ಕೇಳಿದರೆ
ನನಗೆ ಈಗಲೂ ಆ ಕೆಮ್ಮು ಕೇಳಿಸುತ್ತದೆ.

ಇಷ್ಟೇ. ಪಾಸ್‌ವರ್ಡ್ ಕೀಲಿಮಣೆಯ ಅಡಿಗೆ ಅಂಟಿಸಿದ್ದೇನೆ;
ಹಾಗೆ ಅಂಟಿಸಬಾರದು, ಬರೆದುಕೋ.
ಬಾಗಿಲಲ್ಲಿ ಮಲಗಿರುವ ನಾಯಿಯ ಹೆಸರು ಡೀಮನ್,
ಯಾರೂ ಕರೆಯದೆ ಹಿಂದೆ ಕೂತು ಕೆಲಸ ಮಾಡಲಿ ಅಂತ ಇಟ್ಟದ್ದು.
ಮಾಡುವುದಿಲ್ಲ.
ಹೋಗುವಾಗ ಎಕ್ಸಿಟ್ ಹೊಡೆ,
ದಾಟಿ ಹೋಗು, ಬಾಲ ತುಳಿಯಬೇಡ.