ಒಂದರಿಂದ ಐದರೊಳಗೆ

ವಿಶ್ವವಿದ್ಯಾಲಯದಿಂದ ಫಾರಂ ಬಂದಿದೆ.
ಇಪ್ಪತ್ತೆಂಟು ಪ್ರಶ್ನೆ, ಶನಿವಾರ ಸಂಜೆಯೊಳಗೆ ತುಂಬಬೇಕು.
‘ನನ್ನ ಕೆಲಸ ನನಗೆ ತೃಪ್ತಿ ತಂದಿದೆ’:
ಒಂದರಿಂದ ಐದರೊಳಗೆ ಒಂದು ಚುಕ್ಕೆ ಒತ್ತಿ.

ಧನಕವಡಿ, ಮೂರನೇ ಮಹಡಿ.
ಕುಕ್ಕರು ಕೂಗುವ ಮೊದಲೇ ಮೈಕು ಮುಚ್ಚಲು ಕಲಿತಿದ್ದೇನೆ.
ಹಿಟ್ಟಿನ ಡಬ್ಬಿ, ಅದರ ಮೇಲೆ ಫೋನು,
ಜಾರದಂತೆ ಬೆನ್ನಿಗೆ ಲಟ್ಟಣಿಗೆ.
ಬಿ.ಎಸ್ಸಿ. ಮೊದಲ ವರ್ಷ, ಪ್ರಯೋಗ ನಾಲ್ಕು:
ಆಮ್ಲ, ಪ್ರತ್ಯಾಮ್ಲ, ಸೂಚಕ.

ಬ್ಯೂರೆಟ್ಟುಗಳು ಕಾಲೇಜಿನ ಕಪಾಟಿನಲ್ಲಿ, ಬೀಗದೊಳಗೆ.
ಹೀಗಾಗಿ ಅರಿಶಿನ. ಹೀಗಾಗಿ ಬಟ್ಟೆ ಸೋಪು.
ಬಿಳಿ ಬಸಿಯಲ್ಲಿ ಹಳದಿ ಕೆಂಪಾಗುವಾಗ
ನಲವತ್ತೊಂದು ಕರಿ ಚೌಕಗಳ ಹಿಂದೆ
ಯಾರ ಹುಬ್ಬಾದರೂ ಏರಿತೋ ಇಲ್ಲವೋ.
‘ದಿಸ್ತಂಯ್ ಕಾ?’ ಅನ್ನುತ್ತೇನೆ.
ಫ್ಯಾನು ತಿರುಗುತ್ತದೆ.

ಒಂದು ಚೌಕ ಬೆಳಗಿತು.
ವೇಲ್ಹೆಯ ಗುಡ್ಡದಿಂದ ನೀಲಾಂಬರಿ ಢೇಬೆ,
ನೀರಿನ ಟಾಕಿಯ ಮೇಲೆ, ಹಾರುವ ದುಪಟ್ಟಾ ಹಲ್ಲಲ್ಲಿ ಕಚ್ಚಿ,
ಅಂಗೈ ಎತ್ತಿ ಹಿಡಿದಳು: ಕೆಂಪು.
ಏನೋ ಹೇಳುವಷ್ಟರಲ್ಲಿ ನೆಟ್ ಹೋಯಿತು.
ಕೈ ಮಾತ್ರ ಪರದೆಯ ಮೇಲೆ ಹಾಗೇ ನಿಂತಿತು
ಹಾಜರಿ ಹೇಳುವ ಹಾಗೆ.

ನನ್ನದು ತಾಸಿನ ಲೆಕ್ಕದ ನೌಕರಿ.
ಹನ್ನೊಂದು ವರ್ಷ, ಪ್ರತಿ ವರ್ಷ ಹೊಸ ಸಂದರ್ಶನ,
ಅದೇ ಮೇಜು, ಅದೇ ‘ನಿಮ್ಮ ಪರಿಚಯ ಹೇಳಿ’.
ಫೆಬ್ರುವರಿಯ ಬಿಲ್ಲು ಸಹಿಗೆ ಕಾಯುತ್ತಿದೆ,
ಸಹಿ ಮಾಡುವವರು ಕ್ವಾರಂಟೈನಿನಲ್ಲಿ.
ಗಣಿತದ ಗಾಯಧನೆ ಸರ್ ಹಡಪಸರದಲ್ಲಿ ತತ್ತಿ ಮಾರುತ್ತಾರೆ.
ಮಾಸ್ಕು ಇದೆಯಲ್ಲ, ಮುಖ ಉಳಿಯಿತು ಅಂದುಕೊಂಡಿದ್ದರಂತೆ;
ಒಬ್ಬ ಹುಡುಗ ಡಜನ್ ಕೊಂಡು, ಚಿಲ್ಲರೆ ಎಣಿಸುತ್ತ,
‘ಸರ್, ನಾಳೆ ಕ್ಲಾಸ್ ಇದೆಯಲ್ಲ?’ ಅಂದ.
ಇತ್ತು. ಟ್ರೇಗಳ ನಡುವೆ ಕೂತು ತಗೊಂಡರು.

ಪ್ರಶ್ನೆ ಹದಿನೇಳು: ‘ಸಂಸ್ಥೆ ನನ್ನನ್ನು ತನ್ನವಳೆಂದು ಕಾಣುತ್ತದೆ.’
ಒಂದು ಒತ್ತಿದೆ. ಅದಕ್ಕಿಂತ ಕೆಳಗೆ ಏನೂ ಇರಲಿಲ್ಲ.
ಹದಿನೆಂಟು: ‘ನಾನು ಸಂಸ್ಥೆಗೆ ಬದ್ಧಳಾಗಿದ್ದೇನೆ.’
ಸಂಸ್ಥೆ ಅಂದರೆ ಯಾವುದು?
ಬೀಗ ಹಾಕಿದ ಕಪಾಟೋ, ಟಾಕಿಯ ಮೇಲಿನ ಕೈಯೋ?
ಕೇಳಲು ಜಾಗ ಬಿಟ್ಟಿಲ್ಲ.

ಬದ್ಧತೆ ಎಂಬ ಮಾತು ನಮ್ಮವ್ವನ ಕನ್ನಡದಲ್ಲಿಲ್ಲ.
ಸೊಲ್ಲಾಪುರದ ಪಡಸಾಲೆಯಲ್ಲಿ ಬೀಡಿ ಸುತ್ತುತ್ತ
‘ಎಣಿಸಿ ಕೊಡೋ ಕೂಲಿಗೆ ಎಣಿಸದ ಕೆಲಸ ಮಾಡಬ್ಯಾಡ’ ಅಂದಾಕಿ
ಅಂದು ರಾತ್ರಿಯೇ, ಜ್ವರ ಬಂದ ಪಕ್ಕದ ಮನೆಯಾಕಿಗೆ
ಇನ್ನೂರು ಸುತ್ತಿ ಕೊಟ್ಟಳು.
ಯಾಕವ್ವಾ ಅಂದರೆ ಬೈದಳು.

ಶನಿವಾರ. ತೃಪ್ತಿಯ ಸಾಲು ಖಾಲಿ ಬಿಟ್ಟರೆ
ಫಾರಂ ಮುಂದೆ ಹೋಗುವುದಿಲ್ಲ.
ಮೂರರ ಮೇಲೆ ಬೆರಳಿಟ್ಟೆ. ಉಗುರಲ್ಲಿ ಇನ್ನೂ ಅರಿಶಿನ.
ಅಷ್ಟರಲ್ಲಿ ಟಾಕಿಯಿಂದ ಮೆಸೇಜು:
‘ಮ್ಯಾಡಂ, ನಿಂಬೆ ಹಿಂಡಿದೆ, ಮತ್ತೆ ಹಳದಿಯಾಯ್ತು. ಯಾಕೆ?’

ಯಾಕೆ ಅಂತ ಬರೆಯಲು ಕೂತೆ.
ಚಿತ್ರ ಬಿಡಿಸಿ, ಫೋಟೊ ತೆಗೆದು, ಬಾಣ ತಿದ್ದಿ ಕಳಿಸುವಷ್ಟರಲ್ಲಿ
ಶನಿವಾರ ಸಂಜೆ
ಯಾವಾಗಲೋ ಮುಗಿದಿತ್ತು.