ತಂತಿ ತಣ್ಣಗಾದಷ್ಟು

ಉದ್ಯಮಬಾಗದಾಗ ಶಟರ್ ಅರ್ಧ ಎತ್ತಿದ್ದೆ,
ಚಾ ಇನ್ನೂ ಬಂದಿರಲಿಲ್ಲ.
ಶೀತಲ ಹುಂಡೇಕರ ಬಂದವನ
ಹಳೇ ಆಕ್ಟೇವಿಯಾದ ಬಾನೆಟ್ ಮ್ಯಾಲೆ
ಪೇಪರಿನ್ಯಾಗ ಸುತ್ತಿದ್ದನ್ನ ಬಿಚ್ಚಿಟ್ಟ,
ಬಿಸಿ ಕುಂದಾ ಬಿಚ್ಚಿದಂಗ.

"ಅಕ್ಕಾ, ಎಂಬತ್ತೆರಡು ಮಿಲಿಮೀಟರ್.
ಕುರ್ಲಾದಾಗ ಸಿಕ್ತು, ದೊಡ್ಡ ಎಂಜಿನ್ನಿಂದು.
ನನ್ನ ಗಾಡಿಗೆ ಉಸುರು ಸಾಲವಲ್ದು."

ತಿರುವಿ ನೋಡಿದೆ.
ನಾಕು ಬೊಟ್ಟು ಆರಾಮ ಹೋಗೂವಷ್ಟು ಬಾಯಿ.
ನಡುವ ಒಂದು ಪ್ಲಾಟಿನಂ ತಂತಿ,
ನಮ್ಮವ್ವನ ನರೆಗೂದಲಕ್ಕಿಂತ ಸಣ್ಣದು.
ಕರೆಂಟು ಅದನ್ನ ಕಾಸಿಕೋತ ಇರತೈತಿ,
ಗಾಳಿ ಅದನ್ನ ಆರಿಸಿಕೋತ ಹೋಗತೈತಿ.
ತಿರುಗಿ ಕಾಸಾಕ ಎಷ್ಟು ಬೇಕಾತು, ಅಷ್ಟ ಲೆಕ್ಕ.
ಗಾಳೀನ ಯಾರೂ ತೂಗೂದಿಲ್ಲ.
ಅದು ಕದ್ದೊಯ್ದ ಬಿಸಿ ತೂಗತಾರ.

"ಮುಂದಿನ ಜಾಳಗಿ ಕಿತ್ತು ಒಗಿ, ಅಕ್ಕಾ.
ಎಲ್ಲಾರೂ ತಗೀತಾರ."
"ಎಲ್ಲಾರೂ ತಗೀತಾರ, ಆಮ್ಯಾಲೆ ನನ್ನ ಕಡೆ ಬರತಾರ."
ತಲಿ ಕೆದರಿಕೊಂಡು ಓಡಿ ಬರೂ ಗಾಳಿಗೆ
ಆ ಜಾಳಗೀನ ಹಣಿಗಿ.
ಎಣ್ಣಿ ಸವರಿದ ಫಿಲ್ಟರ್ ಮಾತ್ರ ತಗಸಿದೆ.
ತಂತಿಗೆ ಎಣ್ಣಿ ಮೆತ್ತಿತಂದ್ರ
ಕಂಬಳಿ ಹೊದ್ದು ಮಲಗಿದಾಂವನ್ನ
ಚಳಿ ಎಷ್ಟೈತಿ ಅಂತ ಕೇಳಿದಂಗ.

ಹಳೇದರ ಬಾಯಿ ಎಪ್ಪತ್ತು. ಹೊಸಾದು ಎಂಬತ್ತೆರಡು.
ಗಾಳಿ ಅಷ್ಟ. ದಾರಿ ಅಗಲ.
ಅಗಲ ದಾರ್ಯಾಗ ಯಾರೂ ಅವಸರ ಮಾಡೂದಿಲ್ಲ,
ತಂತಿ ಮುಂದ ನಿಧಾನ ಹಾದು ಹೋಗತೈತಿ.
ತಂತಿ ಹೇಳತೈತಿ: ಇವತ್ತ ಗಾಳಿ ಕಡಿಮಿ.
ಎಂಜಿನ್ ಅದನ್ನ ನಂಬಿ ಪೆಟ್ರೋಲ್ ಕಡಿಮಿ ಮಾಡತೈತಿ,
ಆಮ್ಯಾಲೆ ಪಿಸ್ಟನ್ ಕರಗತಾವು.
ಅದಕ್ಕ ಟೇಬಲ್ಲಿನ ಪ್ರತಿ ಅಂಕಿಗೂ
ಒಂದು ಪಾಯಿಂಟ್ ಮೂವತ್ತೇಳರಿಂದ ಗುಣಿಸಿ ಬರದೆ.
ಸಂಜಿಯಾತು.

ಚೋರ್ಲಾ ಘಾಟಿನ ದಾರಿ, ಬೆಳಗಿನ ಐದು.
ಮೂರನೇ ಗೇರಿನ್ಯಾಗ ಗಾಡಿ ಎಂಥಾ ಎಳತ ಎಳೀತಂದ್ರ
ಶೀತಲ ನಗೂದನ್ನ ಮರತ.
ತಿರುಗಿ ಬರುವಾಗ ಟಿಳಕವಾಡಿ ಎರಡನೇ ಗೇಟ್,
ಮಿರಜ ಗಾಡಿ ಹೋಗಬೇಕಾಗಿತ್ತು.
ನಿಂತಿವಿ. ಎಂಜಿನ್ ನಡುಗಿತು, ತಡವರಿಸಿತು,
ಆರಿತು.
ಹಿಂದ ಹಾಲಿನ ಟೆಂಪೋದಾಂವ ಹಾರ್ನ್ ಹೊಡದ.
ಸುಮ್ಮನ ನಿಂತಾಗ ಎಂಜಿನ್ ತಗೊಳ್ಳೂದ
ಒಂದೀಟ ಉಸುರು.
ಅಷ್ಟಗಲ ಬಾಯಾಗ ಅದು
ತಂತೀ ತನಕ ಮುಟ್ಟಲೇ ಇಲ್ಲ.

"ಎಪ್ಪತ್ತಾರು ಸಾಕು," ಅಂದೆ.
ಅಂವ ಮಾರಿ ಸಣ್ಣ ಮಾಡಿದ.

ದಸ್ತಗೀರ ಮಾಮಾ ಲೇಥ್ ಹಚ್ಚಿದ:
ಹೊರಗ ಎಂಬತ್ತೆರಡು, ಒಳಗ ಎಪ್ಪತ್ತಾರು, ಅಲ್ಯೂಮಿನಿಯಂ ಬುಶ್.
ಸುರುಳಿ ಸುರುಳಿ ಬೆಳ್ಳಿ ಬಣ್ಣದ್ದು ಕಾಲಾಗ ಬಿತ್ತು.
ಫೌಂಡ್ರಿಯೊಳಗ ಮೂವತ್ತೆರಡು ವರ್ಷ
ಉಸುಕು ಉಂಡ ಎದಿ,
ಮಾತಿನ ನಡುವ ನಿಂತು ನಿಂತು ಬರತೈತಿ.
"ಮಂಗಳವಾರ ದವಾಖಾನ್ಯಾಗ ನಳಗಿ ಕೊಟ್ಟು
ಊದು ಅಂದ್ರು. ಊದಿದೆ.
ಅರವತ್ತೊಂದು ಅಂತ ಬರದಾರ."
ಮೈಕ್ರೋಮೀಟರ್ ಒರಸಿ, ಬೆಳಕಿಗೆ ಹಿಡದು,
"ನಳಗೀ ಬಾಯಿ ಅಗಲ ಇದ್ದಿರಬೇಕು," ಅಂದ.

ನಾ ಏನೂ ಅನಲಿಲ್ಲ.
ಲ್ಯಾಪ್‌ಟಾಪ್ ತಗದೆ, ವೈರ್ ಜೋಡಿಸಿದೆ,
ಕೀಲಿ ತಿರುವಂತ ಶೀತಲನಿಗೆ ಹೇಳಿದೆ.
ಪರದೆ ಮ್ಯಾಲೆ ಒಂದು ವೋಲ್ಟ್, ಅಲುಗಾಡದ ಗೆರಿ.
ಒಂದು ಪಾಯಿಂಟ್ ಹದಿನೆಂಟು, ಈ ಸಲದ ಗುಣಾಕಾರ,
ಇನ್ನೂ ಚೀಟ್ಯಾಗ ಇತ್ತು.

ಮಾಮಾ ಸೆನ್ಸರ್ ಎತ್ತಿಕೊಂಡ.
ಟವೆಲ್ಲಿನಿಂದ ತುಟಿ ಒರಸಿ
ಬುಶ್ಶಿಗೆ ಬಾಯಿ ಹತ್ತಿರ ತಂದು ಊದಿದ.
ಗೆರಿ ಎದ್ದಿತು,
ಒಂದೂವರಿ ತನಕ ಹತ್ತಿತು,
ಅಲ್ಲೇ ಸ್ವಲ್ಪ ನಿಂತು ಇಳೀತು.

"ಎಷ್ಟ ಬಂತು?"

"ಈ ಬಾಯಿಗೆ ಇನ್ನೂ ಟೇಬಲ್ ಬರದಿಲ್ಲ, ಮಾಮಾ."

"ಹಂಗಾರ ತಡಿ," ಅಂದು
ಲೇಥಿಗೆ ಒಂದು ಕೈ ಊರಿ
ಇನ್ನೊಮ್ಮೆ ಊದಿದ.